ಕೈರೋದ ಕಾಗದದ ಕೋಣೆಯಲ್ಲಿ ಮಂಗಳೂರಿನ ಲೆಕ್ಕಪತ್ರ

ಕಾಗದಕ್ಕೆ ಕಾಲು ತಾಗಿದರೆ ಅದನ್ನು ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಹಲವರಿಗೆ ಇನ್ನೂ ಬಿಟ್ಟಿಲ್ಲ. ಯೆಹೂದ್ಯರಲ್ಲಿ ಈ ಗೌರವ ಧರ್ಮಶಾಸ್ತ್ರದ ಕಟ್ಟಳೆಯೇ ಆಗಿದೆ. ದೇವರ ಹೆಸರು ಬರೆದ ಹಾಳೆ ಹರಿದು ಜೀರ್ಣವಾದರೂ ಅದನ್ನು ಸುಡುವಂತಿಲ್ಲ, ಎಸೆಯುವಂತಿಲ್ಲ. ಒಂದೆಡೆ ಕೂಡಿಟ್ಟು ಆಮೇಲೆ ಸ್ಮಶಾನದಲ್ಲಿ ಹೂಳಬೇಕು. ಹಾಗೆ ಕೂಡಿಡುವ ಜಾಗಕ್ಕೆ ಗೆನೀಜಾ ಎಂದು ಹೆಸರು.

ಹಳೆಯ ಕೈರೋದ ಫುಸ್ತಾತ್‌ನಲ್ಲಿರುವ ಬೆನ್ ಎಜ್ರಾ ಸಿನಗಾಗ್‌ನಲ್ಲಿ (ಯೆಹೂದ್ಯರ ಪ್ರಾರ್ಥನಾ ಮಂದಿರದಲ್ಲಿ) ಕೂಡಿಡುವ ಕೆಲಸ ಚೆನ್ನಾಗಿಯೇ ನಡೆಯಿತು, ಹೂಳುವುದು ಮಾತ್ರ ಬಹುಮಟ್ಟಿಗೆ ಉಳಿದುಹೋಯಿತು. ಹೆಂಗಸರು ಕೂರುವ ಮೇಲಂತಸ್ತಿನ ಗೋಡೆಯಲ್ಲಿ ಎತ್ತರಕ್ಕಿದ್ದ ಕಿಂಡಿಯಿಂದ ಶತಮಾನಗಟ್ಟಲೆ ಹಾಳೆಗಳು ಒಳಗೆ ಬೀಳುತ್ತಲೇ ಇದ್ದವು. ದೇವರ ಹೆಸರು ಇರಲಿ, ಇಲ್ಲದಿರಲಿ, ಹೀಬ್ರೂ ಅಕ್ಷರವೇ ಪವಿತ್ರವೆಂಬ ಭಾವನೆಯಿಂದ ಮದುವೆಯ ಕರಾರು, ಸಾಲಪತ್ರ, ಮಕ್ಕಳು ಅಕ್ಷರ ಕಲಿತ ಹಾಳೆ, ಅಂಗಡಿಯ ಲೆಕ್ಕ ಎಲ್ಲವೂ ಅಲ್ಲಿ ಸೇರಿದವು. ಈಜಿಪ್ಟಿನ ಒಣಹವೆ ಅವನ್ನು ಕೊಳೆಯಲು ಬಿಡಲಿಲ್ಲ.

1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ತಂದ ಒಂದು ಹಾಳೆಯನ್ನು ಕೇಂಬ್ರಿಜ್‌ನ ವಿದ್ವಾಂಸ ಸಾಲೊಮನ್ ಶೆಕ್ಟರ್ ನೋಡಿದರು. ಹೀಬ್ರೂ ಮೂಲ ಕಳೆದೇಹೋಗಿದೆ ಎಂದು ಭಾವಿಸಲಾಗಿದ್ದ ಬೆನ್ ಸಿರಾ ಎಂಬ ಪ್ರಾಚೀನ ಯೆಹೂದಿ ನೀತಿಗ್ರಂಥದ ಪುಟ ಅದಾಗಿತ್ತು. ಅದೇ ವರ್ಷದ ಕೊನೆಗೆ ಕೈರೋಗೆ ಹೊರಟ ಶೆಕ್ಟರ್, ಸಿನಗಾಗ್‌ನ ಮುಖ್ಯಸ್ಥರ ಒಪ್ಪಿಗೆ ಪಡೆದು, ಧೂಳಿನಲ್ಲಿ ಮುಳುಗಿ ಆರಿಸಿದ 1,90,000ಕ್ಕೂ ಹೆಚ್ಚು ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅವರ ಗಮನ ಧರ್ಮಗ್ರಂಥಗಳ ಮೇಲಿತ್ತು. ವ್ಯಾಪಾರದ ಚೀಟಿಗಳಿಗೆ ಬೆಲೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಇತಿಹಾಸಕಾರ ಎಸ್. ಡಿ. ಗೊಯ್ಟೀನ್ ಅವುಗಳನ್ನು ಓದಲು ಕೂತ ಮೇಲೆ.

ಅರಬ್ಬಿ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಆ ಪತ್ರಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಹೆಸರು ಮತ್ತೆ ಮತ್ತೆ ಬರುತ್ತದೆ. ಇಂದಿನ ಟುನೀಶಿಯಾದ ಮಹ್ದಿಯಾ ಊರಿನ ಈತ ಯೆಮೆನ್‌ನ ಬಂದರು ಏಡನ್ ಮಾರ್ಗವಾಗಿ ಬಂದು 1132ರ ವೇಳೆಗೆ ಮಂಗಳೂರಿನಲ್ಲಿದ್ದ. ಆ ವರ್ಷವೇ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಬರೆದ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಎಣಿಸುತ್ತಾರೆ. ಅವನು ಮೆಣಸು, ಅಡಿಕೆ, ಕಬ್ಬಿಣ ಕಳುಹಿಸುತ್ತಿದ್ದ. ಏಡನ್‌ನಿಂದ ಒಡೆದ ತಾಮ್ರದ ಪಾತ್ರೆಗಳು ಬಂದರೆ ಅವನ ಕಂಚಿನ ಕಾರ್ಖಾನೆಯಲ್ಲಿ ಅವು ಹೊಸ ಪಾತ್ರೆಗಳಾಗುತ್ತಿದ್ದವು. ಏಲಕ್ಕಿಗೆಂದು ಮುಂಗಡ ಪಡೆದು ಸರಕು ಕೊಡದೆ ಸತಾಯಿಸಿದ ‘ಕಾರ್ದಾರ್’ ಒಬ್ಬನ ಮೇಲೆ ಏಡನ್‌ನ ಪಾಲುಗಾರರು ಹರಿಹಾಯುವುದನ್ನು ಓದುವಾಗ, ಒಂಬೈನೂರು ವರ್ಷಗಳ ಅಂತರ ಇದೆ ಎನಿಸುವುದೇ ಇಲ್ಲ.

ಕಾಗದವೂ ಅವನಿಗೆ ಏಡನ್‌ನಿಂದಲೇ ಬರಬೇಕಿತ್ತು. ಹಾಗಾಗಿ ಬಂದ ಪತ್ರದ ಖಾಲಿ ಜಾಗದಲ್ಲಿ, ಬೆನ್ನಿನಲ್ಲಿ, ಅವನು ತನ್ನ ಲೆಕ್ಕ ಗೀಚಿಕೊಳ್ಳುತ್ತಿದ್ದ. 1149ರಲ್ಲಿ ಭಾರತ ಬಿಟ್ಟಾಗ ಆ ಕಟ್ಟನ್ನೂ ಹೊತ್ತುಕೊಂಡು ಹೋದ, ಕೊನೆಗೆ ಫುಸ್ತಾತ್ ಸೇರಿದ. ಮಂಗಳೂರಿಗೆ ಬಂದ ಪತ್ರಗಳು ಕೈರೋದಲ್ಲಿ ಸಿಕ್ಕಿದ್ದು ಹೀಗೆ.

ಆ ಪತ್ರಗಳಲ್ಲಿ, ಏಡನ್‌ಗೆ ಹೋಗಿ ಒಡೆಯನ ಪರವಾಗಿ ವ್ಯವಹರಿಸುತ್ತಿದ್ದ ಒಬ್ಬ ದಾಸನೂ ಇದ್ದಾನೆ. 1148ರ ಒಂದು ಪತ್ರದ ಕೊನೆಯಲ್ಲಿ ವರ್ತಕರು ಅವನಿಗೂ ವಂದನೆ ಹೇಳಿ ಕಳುಹಿಸಿದ್ದಾರೆ. ಹೀಬ್ರೂ ಬರವಣಿಗೆಯಲ್ಲಿ ಸ್ವರಗಳನ್ನು ಪೂರ್ತಿಯಾಗಿ ಗುರುತಿಸದ ಕಾರಣ ಅವನ ಹೆಸರನ್ನು ‘ಬಮ’ ಎಂದು ಓದಲಾಗಿತ್ತು. ತುಳುನಾಡಿನ ‘ಬೊಮ್ಮ’ ಇರಬೇಕೆಂಬ ಸೂಚನೆ ಬಂದದ್ದು ಬಹಳ ತಡವಾಗಿ. ನಮ್ಮ ಕರಾವಳಿಯವರು ಯಾರಾದರೂ ಪಕ್ಕದಲ್ಲಿದ್ದಿದ್ದರೆ ಅಷ್ಟು ಹೊತ್ತು ಹಿಡಿಯುತ್ತಿರಲಿಲ್ಲವೇನೋ.