ಸ್ಟಾಂಪಿನ ತೂಕ: ‘ಮೈಕ್ರೋಡೋಸಿಂಗ್’ ಎಂಬ ಮಾತು ನಮ್ಮೂರಿಗೆ ಬಂದ ದಾರಿ

ಕಾಸರಗೋಡಿನ ಕುಂಬಳೆಯಲ್ಲಿರುವ ಅಕ್ಕನ ಮಗ ಮಂಗಳೂರಿನ ಕಾಲೇಜಿಗೆ ದಿನಾ ರೈಲಲ್ಲಿ ಹೋಗಿ ಬರುತ್ತಾನೆ. ಮೊನ್ನೆ ಮೊಬೈಲ್ ಹಿಡಿದುಕೊಂಡು ಪಕ್ಕ ಬಂದು ಕೂತ. ‘ಮಾವ, ಮ್ಯಾಜಿಕ್ ಅಣಬೆ ಅಪರಾಧ ಅಲ್ಲ ಅಂತ ಕೇರಳ ಹೈಕೋರ್ಟೇ ಹೇಳಿದೆಯಂತೆ. ಚೂರು ಚೂರು ತಗೊಂಡ್ರೆ ನಶೆಯೂ ಇಲ್ಲ, ಓದ್ಲಿಕ್ಕೆ ತಲೆ ಚುರುಕಾಗ್ತದಂತೆ. ಹೌದಾ?’

ಕೇಳಿದ್ದು ಒಂದೇ ಪ್ರಶ್ನೆ. ಅದನ್ನು ಬಿಡಿಸಿ ಹೇಳಲು ನನಗೆ ಎರಡು ದಿನ ಹಿಡಿಯಿತು.

ಹಳೆಯ ಕಥೆ ಚಿಕ್ಕದಾಗಿ ಹೇಳುತ್ತೇನೆ. 1938ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮದ್ದು ತಯಾರಿಸಿದರು. 1943ರಲ್ಲಿ ಅದರ ಪರಿಣಾಮ ಅವರಿಗೇ ಗೊತ್ತಾಯಿತು. ಮುಂದೆ ಮೆಕ್ಸಿಕೋದ ಮ್ಯಾಜಿಕ್ ಅಣಬೆಯಿಂದ ಅದರ ನಶೆಯ ಅಂಶವಾದ ಸೈಲೋಸೈಬಿನ್ ಬೇರ್ಪಡಿಸಿದವರೂ ಅವರೇ. ಅರವತ್ತರ ದಶಕದಲ್ಲಿ ಇವು ಬೀದಿಗೆ ಬಂದವು, 1971ರಲ್ಲಿ ಇವನ್ನು ಹತೋಟಿಯಲ್ಲಿಡುವ ವಿಶ್ವಸಂಸ್ಥೆಯ ಒಪ್ಪಂದ ಆಯಿತು, 1985ರಲ್ಲಿ ಮಾದಕ ವಸ್ತುಗಳ ಮೇಲಿನ ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂತು. ಎರಡೂ ವಸ್ತುಗಳು ಆ ಕಾಯ್ದೆಯ ಪಟ್ಟಿಯಲ್ಲಿವೆ. ಇವತ್ತಿಗೂ ಇವೆ.

‘ಮೈಕ್ರೋಡೋಸ್’ ಹೊಸದು. 2011ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಫ್ಯಾಡಿಮನ್ ಒಂದು ಪುಸ್ತಕದಲ್ಲಿ ಇದರ ಬಗ್ಗೆ ಬರೆದರು. ಪೂರ್ತಿ ಡೋಸಿನ ಹತ್ತರಲ್ಲೊಂದು ಪಾಲು, ನಡುವೆ ದಿನ ಬಿಟ್ಟು. ಅಲ್ಲಿನ ಐಟಿ ಕಂಪನಿಯವರು ಇದನ್ನು ಕೆಲಸದ ಟಾನಿಕ್ ಥರ ಹಬ್ಬಿಸಿದರು. ನಿಜವಾಗಿ ಕೆಲಸ ಮಾಡುತ್ತದಾ? 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 191 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಮದ್ದು ತಗೊಂಡವರಿಗೂ ಹಿತ ಅನಿಸಿತ್ತು. ಗೊತ್ತಿಲ್ಲದೆ ಖಾಲಿ ಗುಳಿಗೆ ನುಂಗಿದವರಿಗೂ ಹೆಚ್ಚುಕಮ್ಮಿ ಅಷ್ಟೇ ಹಿತ ಅನಿಸಿತ್ತು. ಆಸ್ಟ್ರೇಲಿಯಾದಲ್ಲಿ 2023ರಿಂದ ಸೈಲೋಸೈಬಿನ್ ಕೊಡುತ್ತಾರಲ್ವಾ ಅಂತ ಕೇಳುವವರಿದ್ದಾರೆ. ಹೌದು, ಕೊಡುತ್ತಾರೆ. ಬೇರೆ ಮದ್ದಿಗೆ ಬಗ್ಗದ ಖಿನ್ನತೆಗೆ, ಅನುಮತಿ ಪಡೆದ ಮನೋವೈದ್ಯರು ಮಾತ್ರ. ಪರೀಕ್ಷೆಗೆ ಓದುವವರಿಗಲ್ಲ.

ಈಗ ಕಾನೂನಿಗೆ ಬರೋಣ. ಜಾಸ್ತಿ ಗೊಂದಲ ಇರುವುದು ಇಲ್ಲೇ.

ನಮ್ಮ ಕಡೆ ಎಲ್‌ಎಸ್‌ಡಿಗೆ ‘ಸ್ಟಾಂಪ್’ ಅಂತಲೇ ಹೆಸರು. ಕಿರುಬೆರಳಿನ ಉಗುರಿನಷ್ಟು ಕಾಗದ. ಅದರಲ್ಲಿ ಹೀರಿಸಿದ ಮದ್ದು ಪುಡಿ ಉಪ್ಪಿನ ಒಂದೆರಡು ಹರಳಿನಷ್ಟು ತೂಗಿದರೆ ಹೆಚ್ಚು. ಹಾಗಾದರೆ ಕೇಸು ಯಾವ ತೂಕದ ಮೇಲೆ? 2008ರಲ್ಲಿ ಸುಪ್ರೀಂ ಕೋರ್ಟು ಶುದ್ಧ ಮದ್ದಿನ ತೂಕ ಮಾತ್ರ ಹಿಡಿಯಬೇಕು ಅಂದಿತ್ತು. 2020ರ ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಬೆರೆಸಿದ್ದನ್ನೂ ಸೇರಿಸಿಯೇ ತೂಗಬೇಕು ಎಂದಿತು. 2022ರಲ್ಲಿ ಬಾಂಬೆ ಹೈಕೋರ್ಟು ಸ್ಟಾಂಪಿನ ಕಾಗದಕ್ಕೂ ಅದೇ ಲೆಕ್ಕ ಅಂದಿತು.

ಎಲ್‌ಎಸ್‌ಡಿಗೆ ಕಾಯ್ದೆಯ ‘ಸಣ್ಣ ಪ್ರಮಾಣ’ ಅಂದರೆ 0.002 ಗ್ರಾಂ, ಅಂದರೆ ಎರಡು ಮಿಲಿಗ್ರಾಂ. ಹೀಗೆ ತೂಗಿದರೆ ಒಂದು ಸ್ಟಾಂಪಿನ ಕಾಗದವೇ ಅದನ್ನು ದಾಟುತ್ತದೆ. ದಾಟಿದರೆ ಶಿಕ್ಷೆ ಹತ್ತು ವರ್ಷದವರೆಗೂ ಹೋಗಬಹುದು. 0.1 ಗ್ರಾಂ ಮೀರಿದರೆ ‘ವಾಣಿಜ್ಯ ಪ್ರಮಾಣ’. ಹತ್ತಿಪ್ಪತ್ತು ಸ್ಟಾಂಪು ಸಾಕು. ಅದಕ್ಕೆ ಶಿಕ್ಷೆ ಶುರುವಾಗುವುದೇ ಹತ್ತು ವರ್ಷದಿಂದ, ಜಾಮೀನು ಸಿಗುವುದೂ ಕಷ್ಟ. ಕತ್ತರಿಯಲ್ಲಿ ಹತ್ತು ಚೂರು ಮಾಡಿ ತಿನ್ನುವ ಹುಡುಗನ ಲೆಕ್ಕವೇ ಬೇರೆ, ತಕ್ಕಡಿಯ ಲೆಕ್ಕವೇ ಬೇರೆ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಪೊಲೀಸರ ಭಾಷೆ ಬದಲಾಗುತ್ತದೆ, ಈ ಕಾಯ್ದೆ ಬದಲಾಗುವುದಿಲ್ಲ. ಅದು ಕೇಂದ್ರದ್ದು.

ಇನ್ನು ಹೈಕೋರ್ಟಿನ ಅಣಬೆ. 2025ರ ಜನವರಿಯಲ್ಲಿ ಬಂದದ್ದು ಜಾಮೀನಿನ ಆದೇಶ. ಅಣಬೆ ತಾನಾಗಿ ಬೆಳೆಯುವಂಥದ್ದು, ಬೆರೆಸಿ ಮಾಡಿದ್ದಲ್ಲ. ಹಾಗಾಗಿ ಹೀರಾ ಸಿಂಗ್ ಲೆಕ್ಕ ಅದಕ್ಕೆ ಬಾರದು, ಒಳಗಿನ ಸೈಲೋಸೈಬಿನ್ ಎಷ್ಟು ಎಂದು ನೋಡಬೇಕು ಅಂತ ಕೋರ್ಟು ಹೇಳಿತು. ಸೈಲೋಸೈಬಿನ್ ಇಟ್ಟುಕೊಂಡರೆ ತಪ್ಪಿಲ್ಲ ಅಂತ ಹೇಳಲಿಲ್ಲ. ವಾಟ್ಸಾಪಿನಲ್ಲಿ ಓಡಾಡಿದ್ದು ತಲೆಬರಹ ಮಾತ್ರ. ಈ ವಿಷಯದಲ್ಲಿ ಕನ್ನಡದ ಒಂದು ಕರಪತ್ರವೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಮಕ್ಕಳು ಇನ್ನೆಲ್ಲಿ ಓದಬೇಕು?

ಆರೋಗ್ಯದ ಮಾತಿಗೆ ಬಂದರೆ, ನನಗೆ ಅಜ್ಜಿ ನೆನಪಾಗುತ್ತಾರೆ. ಮೊದಲ ಗುಡುಗಿನ ಮೇಲೆ ಗುಡ್ಡೆಯಿಂದ ಲಂಬು, ಅಂದರೆ ಅಣಬೆ, ಹೆಕ್ಕಿ ತಂದರೆ ಅವರು ಅಂಗಳದಲ್ಲಿ ಗೋಣಿ ಹಾಸಿ ಒಂದೊಂದನ್ನೇ ತಿರುಗಿಸಿ, ಮೂಸಿ ನೋಡುತ್ತಿದ್ದರು. ಗುರುತು ಸಿಗದ್ದನ್ನು ತೆಂಗಿನ ಬುಡಕ್ಕೆ ಎಸೆಯುತ್ತಿದ್ದರು. ಪೊಟ್ಟಣದಲ್ಲಿ ಪುಡಿಯಾಗಿ ಬಂದ ಅಣಬೆಯನ್ನು ಯಾರು ಮೂಸಿ ನೋಡುತ್ತಾರೆ? 2024ರಲ್ಲಿ ಅಮೆರಿಕದಲ್ಲಿ ‘ಮೈಕ್ರೋಡೋಸ್’ ಎಂದೇ ಮಾರಿದ ಚಾಕೊಲೇಟ್ ತಿಂದು ಹಲವರು ಆಸ್ಪತ್ರೆ ಸೇರಿದರು. ಕೆಲವರಿಗೆ ಫಿಟ್ಸ್ ಬಂದಿತ್ತು. ಸ್ಟಾಂಪಿನಲ್ಲೂ ಎಲ್‌ಎಸ್‌ಡಿಯೇ ಇರುತ್ತದೆ ಅನ್ನುವ ಹಾಗಿಲ್ಲ. ಎನ್‌ಬೋಮ್ ಎಂಬ ಬೇರೆಯದೇ ರಾಸಾಯನಿಕ ಇದ್ದು ಜನ ಸತ್ತದ್ದುಂಟು.

ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದರೆ ಇದರ ಹತ್ತಿರವೂ ಹೋಗಬಾರದು. ಲಿಥಿಯಂ ಮಾತ್ರೆ ತಗೊಳ್ಳುವವರು ಇದನ್ನು ಸೇರಿಸಿ ಫಿಟ್ಸ್ ಬಂದ ವರದಿಗಳಿವೆ. ಇವು ಹೃದಯದ ಕವಾಟದಲ್ಲಿರುವ ಒಂದು ಗ್ರಾಹಕವನ್ನೂ (ರಿಸೆಪ್ಟರ್, ಅಂದರೆ ಮದ್ದು ಬಂದು ಅಂಟುವ ಜಾಗ) ತಟ್ಟುತ್ತವೆ. ಅದನ್ನೇ ತಟ್ಟುತ್ತಿದ್ದ ತೂಕ ಇಳಿಸುವ ಮಾತ್ರೆ ಫೆನ್‌ಫ್ಲೂರಮೈನ್ ಕವಾಟ ಕೆಡಿಸಿ 1997ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಮೈಗೆ ಸೇರಿದರೆ ಏನಾದೀತು ಎಂಬ ಭಯವನ್ನು ಎಂಡೋಸಲ್ಫಾನ್ ಕೀಟನಾಶಕದ ಪಾಡು ಕಂಡ ನಮ್ಮ ಕಾಸರಗೋಡಿನ ಎಣ್ಮಕಜೆಯವರಿಗೆ ನಾನು ವಿವರಿಸಬೇಕಾಗಿಲ್ಲ.

‘ಈಗಾಗ್ಲೇ ತಗೊಂಡವ್ರು ಏನು ಮಾಡ್ಬೇಕು ಮಾವ?’ ಅಂತ ಕೊನೆಗೆ ಕೇಳಿದ. ಯಾರ ಪರವಾಗಿ ಕೇಳಿದ ಅಂತ ನಾನು ಕೆದಕಲಿಲ್ಲ. ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಬೇರೆ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ ಅಂದೆ. ಚಟ ಬಿಡಲಾಗದೆ ಒದ್ದಾಡುವವರು ತಾವಾಗಿ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಹೋದರೆ, ಸೇವನೆಯ ಇಲ್ಲವೇ ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಕೊಡುವ 64ಎ ಕಲಂ ಈ ಕಾಯ್ದೆಯಲ್ಲೇ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಚಟ ಬಿಡಿಸಲು 14446. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅವನು ಎರಡೂ ನಂಬರನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡ.