‘ಇಲ್ಲ’ ಎನ್ನದೆ ಬಾಗಿಲು ಮುಚ್ಚುವ ವಿಧಾನ

ಜಾತಿ ತಾರತಮ್ಯದ ವಿರುದ್ಧ ಕೆಲಸ ಮಾಡುವ ‘ಇಂಟರ್‌ನ್ಯಾಷನಲ್ ದಲಿತ್ ಸಾಲಿಡಾರಿಟಿ ನೆಟ್‌ವರ್ಕ್’ ವಿಶ್ವಸಂಸ್ಥೆಯ ಸಲಹಾ ಸ್ಥಾನಮಾನಕ್ಕೆ ಅರ್ಜಿ ಹಾಕಿ ಸುಮಾರು 15 ವರ್ಷ ಕಾದಿತು. ಅರ್ಜಿ ತಿರಸ್ಕಾರ ಆಗಲಿಲ್ಲ. ಬರೀ ಪ್ರಶ್ನೆ ಬಂದವು, ನೂರಕ್ಕೂ ಜಾಸ್ತಿ. ಕೇಳಿದ್ದು ಭಾರತ.

ಸಂಘ ಸಂಸ್ಥೆಗಳಿಗೆ ಈ ಅರ್ಜಿ ತಯಾರಿಸಿಕೊಡುವುದು ನನ್ನ ಕೆಲಸ. ಮೊದಲ ಭೇಟಿಯಲ್ಲಿ ಎಲ್ಲರೂ ಕೇಳುವುದು ಒಂದೇ: ‘ನಮ್ಮ ಕಾಗದ ಪತ್ರ ಸರಿ ಇದ್ದರೆ ಸಿಗುತ್ತೆ ಅಲ್ವಾ?’ ಹೌದು ಅನ್ನಲು ನನಗೆ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

1945ರ ವಿಶ್ವಸಂಸ್ಥೆ ಸನ್ನದಿನ 71ನೇ ವಿಧಿ ಸರ್ಕಾರೇತರ ಸಂಸ್ಥೆಗಳ ಜೊತೆ ಸಮಾಲೋಚನೆಗೆ ದಾರಿ ಮಾಡಿಕೊಟ್ಟಿತು. ಇವತ್ತು 6,000ಕ್ಕೂ ಹೆಚ್ಚು ಸಂಸ್ಥೆಗಳಿಗೆ ಈ ಸ್ಥಾನಮಾನ ಇದೆ. ಇದಿದ್ದರೆ ಪ್ರವೇಶ ಪಾಸ್ ಸಿಗುತ್ತದೆ, ಲಿಖಿತ ಹೇಳಿಕೆ ಕೊಡಬಹುದು, ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ಒಂದೂವರೆ ನಿಮಿಷ ಮಾತಾಡಬಹುದು. ಒಂದೂವರೆ ನಿಮಿಷ ಕಡಿಮೆ ಅನ್ನಿಸಬಹುದು. ಆದರೆ ತಮ್ಮ ಸರ್ಕಾರದ ಪ್ರತಿನಿಧಿ ಎದುರಿಗೇ ಕೂತಿರುವಾಗ ಊರಿನಲ್ಲಿ ಹೇಳಲಾಗದ ಮಾತನ್ನು ಹೇಳುವವರಿಗೆ ಅದು ಬಹಳ ದೊಡ್ಡದು.

ಅರ್ಜಿ ಮೊದಲು ಹೋಗುವುದು 19 ದೇಶಗಳ ಎನ್‌ಜಿಓ ಸಮಿತಿಗೆ. ನ್ಯೂಯಾರ್ಕ್‌ನಲ್ಲಿ ವರ್ಷಕ್ಕೆ ಎರಡು ಸಲ ಸಭೆ, ಸಾಮಾನ್ಯವಾಗಿ ಜನವರಿ ಮತ್ತು ಮೇ ತಿಂಗಳಲ್ಲಿ. ಸಭೆಯ ವಿಡಿಯೊ ಒಮ್ಮೆ ನೋಡಿ. ಅಧ್ಯಕ್ಷರು ಸಂಸ್ಥೆಯ ಹೆಸರು ಓದುತ್ತಾರೆ. ಯಾರೂ ಮಾತಾಡದಿದ್ದರೆ ಶಿಫಾರಸು ಆಯಿತು. ಒಂದು ದೇಶ ಮಾತ್ರ ಮೈಕ್ ಒತ್ತಿ ‘ನಿಮ್ಮ ಪಾಲುದಾರರ ಪಟ್ಟಿ ಕೊಡಿ’ ಎಂದರೂ ಅರ್ಜಿ ಬಾಕಿ ಉಳಿಯುತ್ತದೆ. ಅದೇ ದಿನದ ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನ ಸಭೆಗೆ ಹೋಯಿತು. ಅಂದರೆ ಅರ್ಧ ನಿಮಿಷದ ಪ್ರಶ್ನೆಯೊಂದು ನಾಲ್ಕರಿಂದ ಎಂಟು ತಿಂಗಳು ನುಂಗುತ್ತದೆ. ಮುಂದಿನ ಸಲ ಇನ್ನೊಂದು ಪ್ರಶ್ನೆ ಕೇಳಬಾರದು ಅಂತ ಎಲ್ಲೂ ಇಲ್ಲ.

ನೇರವಾಗಿ ತಿರಸ್ಕರಿಸಿದರೆ ಸುದ್ದಿ ಆಗುತ್ತದೆ. 2016ರ ಮೇ ತಿಂಗಳಲ್ಲಿ ಪತ್ರಕರ್ತರ ರಕ್ಷಣೆಗೆ ದುಡಿಯುವ ‘ಕಮಿಟಿ ಟು ಪ್ರೊಟೆಕ್ಟ್ ಜರ್ನಲಿಸ್ಟ್ಸ್’ ಅರ್ಜಿಯನ್ನು ಸಮಿತಿ 10–6 ಮತಗಳಿಂದ ತಳ್ಳಿಹಾಕಿತು. ಗಲಾಟೆ ಆಯಿತು. ಎರಡೇ ತಿಂಗಳಲ್ಲಿ, ಸಮಿತಿಯ ಶಿಫಾರಸಿನ ಮೇಲೆ ಕೊನೆಯ ತೀರ್ಮಾನ ಮಾಡುವ 54 ದೇಶಗಳ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ 40–5 ಮತಗಳಿಂದ ಆ ನಿರ್ಧಾರವನ್ನು ತಿರುಗಿಸಿತು. ತಿರಸ್ಕಾರವನ್ನು ಪ್ರಶ್ನಿಸಬಹುದು, ಬಾಕಿ ಇರುವುದನ್ನು ಪ್ರಶ್ನಿಸುವುದು ಕಷ್ಟ. ದಲಿತ ಸಂಘಟನೆಯ ಅರ್ಜಿಗೂ ಕೊನೆಗೆ ಆ ಮಂಡಳಿಯಲ್ಲೇ ಮತ ಹಾಕಬೇಕಾಯಿತು. 2022ರ ಡಿಸೆಂಬರ್‌ನಲ್ಲಿ 24 ದೇಶ ಪರ, 17 ವಿರುದ್ಧ.

ಪ್ರಶ್ನೆ ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸರ್ಕಾರವೇ ಹಿಂದೆ ನಿಂತು ನಡೆಸುವ ‘ಸರ್ಕಾರೇತರ’ ಸಂಸ್ಥೆಗಳಿವೆ, ಅವುಗಳ ಹಣದ ಮೂಲ ಕೇಳಲೇಬೇಕು. ನನಗೆ ಬೇಸರ ಆಗುವುದು, ಅಂಥವು ಸಲೀಸಾಗಿ ದಾಟಿ, ಹಕ್ಕುಗಳ ಬಗ್ಗೆ ಮಾತಾಡುವವರು ಸಾಲಿನಲ್ಲೇ ಉಳಿದಾಗ. ಒಂದು ಅರ್ಜಿಗೆ ಇಷ್ಟೇ ಸುತ್ತು ಪ್ರಶ್ನೆ, ಆಮೇಲೆ ಮತ ಎಂಬ ನಿಯಮ ಬರಬೇಕು. ಸಣ್ಣ ಸಂಸ್ಥೆಗಳಿಗಂತೂ ಇದು ಉಳಿವಿನ ಪ್ರಶ್ನೆ. ಅಲ್ಲಿ ಲೆಕ್ಕ ಬರೆಯುವವರೇ ಫೀಲ್ಡ್‌ಗೂ ಹೋಗಬೇಕು, ರಾತ್ರಿ ಕೂತು ಸಮಿತಿಗೆ ಉತ್ತರವನ್ನೂ ಬರೆಯಬೇಕು.

ಅರ್ಜಿ ಹಾಕುವ ಯೋಚನೆ ಇದ್ದರೆ, ಸಂಸ್ಥೆ ಶುರುವಾಗಿ ಎರಡು ವರ್ಷ ಆಗಿರಬೇಕು, ಕೊನೇ ದಿನ ಜೂನ್ 1. ಅದಕ್ಕೂ ಮೊದಲು ನಿಮ್ಮ ವೆಬ್‌ಸೈಟ್ ಪೂರ್ತಿ ಓದಿ. ಚೀನಾ ತನ್ನದು ಎನ್ನುವ ತೈವಾನ್‌ನ ಹೆಸರು ಹೇಗೆ ಬರೆದಿದ್ದೀರಿ ಎಂಬುದರ ಮೇಲೂ ಪ್ರಶ್ನೆ ಬರುತ್ತದೆ. ಬಜೆಟ್‌ನಲ್ಲಿ ‘ಇತರೆ ಖರ್ಚು’ ಅಂತ ಸುಮ್ನೆ ಬರೆಯಬೇಡಿ, ಬಿಡಿಸಿ ಬರೆಯಿರಿ. ಉತ್ತರಗಳನ್ನು ಚಿಕ್ಕದಾಗಿಡಿ, ಯಾಕೆಂದರೆ ಉದ್ದದ ಉತ್ತರದಿಂದಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಕೊಟ್ಟ ಪ್ರತಿ ಉತ್ತರವನ್ನೂ ತಾರೀಖು ಹಾಕಿ ಇಟ್ಟುಕೊಳ್ಳಿ. ಮುಂದೆ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಯಾವುದಾದರೂ ದೇಶ ನಿಮ್ಮ ಪರ ಮತಕ್ಕೆ ಒತ್ತಾಯಿಸಿದರೆ, ಅವರ ಕೈಗೆ ಮೊದಲು ಕೊಡಬೇಕಾದದ್ದು ಆ ಫೈಲ್.