ಆ ಜಾಗದಲ್ಲಿ ಮುಂಚೆ ಏನು ಬೆಳೀತಿದ್ರು?

ಪ್ರಶ್ನೆ: ಹಾಸನದ ಹೊರಗೆ, ಪಂಚಾಯ್ತಿ ವ್ಯಾಪ್ತಿಯ ಬಡಾವಣೆಯಲ್ಲಿ 30x40 ಸೈಟಿನಲ್ಲಿ ಕಟ್ಟಿರುವ ಮನೆ ನೋಡಿದ್ದೇವೆ. ಇ-ಸ್ವತ್ತು ಇದೆ. ಬ್ಯಾಂಕಿನವರು ಸಾಲ ಕೊಡ್ತೀವಿ ಅಂದಿದ್ದಾರೆ. ಇಷ್ಟಿದ್ದರೆ ಸಾಕಲ್ವಾ? ಇನ್ನೇನಾದರೂ ನೋಡಬೇಕಾ?

ಉತ್ತರ: ಇಷ್ಟೇ ಸಾಕಾಗುವುದಿಲ್ಲ. ಇ-ಸ್ವತ್ತು ಪಂಚಾಯ್ತಿಯ ದಾಖಲೆ. ಕಂದಾಯ ಯಾರ ಹೆಸರಿನಲ್ಲಿದೆ ಅನ್ನೋದು ಅದರಲ್ಲಿ ಗೊತ್ತಾಗುತ್ತೆ. ಬ್ಯಾಂಕು ನೋಡುವುದು ತನ್ನ ಸಾಲಕ್ಕೆ ಭದ್ರತೆ ಇದೆಯಾ ಅಂತ. ಚಿತ್ತೆ ಮಳೆ ಜೋರಾಗಿ ಹಿಡಿದಾಗ ನಿಮ್ಮ ಅಡುಗೆಮನೆಗೆ ನೀರು ನುಗ್ಗುತ್ತಾ ಅನ್ನೋದನ್ನು ಇಬ್ಬರೂ ನೋಡುವುದಿಲ್ಲ. ಅದನ್ನು ನೀವೇ ನೋಡಬೇಕು.

ಮೊದಲು ಕಾಗದದ ಮಾತು ಮುಗಿಸೋಣ. ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ (ಕ್ರಮಬದ್ಧ ಆಸ್ತಿಗೆ ಕೊಡುವುದು) ಇದೆಯೋ, ಬರೀ 11ಬಿ (ಒಪ್ಪಿಗೆ ಇಲ್ಲದ ಆಸ್ತಿಗೆ ಕೊಡುವುದು) ಇದೆಯೋ ನೋಡಿ. 11ಬಿ ಇದ್ದ ಮಾತ್ರಕ್ಕೆ ಬಡಾವಣೆ ಸಕ್ರಮ ಅಂತ ಅಲ್ಲ. ಜಮೀನು ಅಲಿನೇಷನ್ ಆಗಿದ್ದರೂ, ಅಂದರೆ ಕೃಷಿಯಿಂದ ಬೇರೆ ಬಳಕೆಗೆ ಪರಿವರ್ತನೆ ಆಗಿದ್ದರೂ, ಲೇಔಟಿಗೆ ಒಪ್ಪಿಗೆ ಸಿಕ್ಕ ಹಾಗಲ್ಲ. ಹುಡಾ, ಅಂದರೆ ಹಾಸನ ನಗರಾಭಿವೃದ್ಧಿ ಪ್ರಾಧಿಕಾರ, ಅನುಮೋದಿಸಿದ ಲೇಔಟ್ ನಕ್ಷೆಯನ್ನೂ ಸೈಟ್ ಮಾರಲು ಅದು ಕೊಡುವ ಬಿಡುಗಡೆ ಪತ್ರವನ್ನೂ ಕೇಳಿ. ಜಮೀನಿನ ಮೂಲ ಸರ್ಕಾರದ ಮಂಜೂರಾತಿಯಾಗಿದ್ದರೆ ಇನ್ನೂ ಎಚ್ಚರ ಬೇಕು. ಪರಿಶಿಷ್ಟ ಕುಟುಂಬಕ್ಕೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ, ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಅದು ಆ ಕುಟುಂಬಕ್ಕೆ ವಾಪಸ್ ಹೋಗಬಹುದು. 2023ರ ತಿದ್ದುಪಡಿ ಬಂದ ಮೇಲೆ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಅದು ಅವರ ನ್ಯಾಯವಾದ ಹಕ್ಕು. ಹಾಗಾಗಿ ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತ ನೋಡದೆ ಮುಂದಕ್ಕೆ ಹೋಗಬೇಡಿ.

ಇನ್ನು ಜಾಗದ ಮಾತು. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಹಾಸನದ ಸುತ್ತ ಬಡಾವಣೆಗಳು ಎದ್ದಿರುವುದು ಹೊಲ, ಗದ್ದೆಗಳ ಮೇಲೆ. ಆ ಸರ್ವೆ ನಂಬರಿನ ಹಳೇ ಪಹಣಿ ತೆಗೆಸಿ. ಖುಷ್ಕಿ ಅಂತ ಇದ್ದರೆ ಅದು ಹೊಲವಾಗಿತ್ತು. ತರಿ ಅಂತ ಇದ್ದರೆ ಗದ್ದೆಯಾಗಿತ್ತು. ಗದ್ದೆ ಅಂದರೆ ನೀರು ನಿಲ್ಲಿಸಲು ಅಂತಲೇ ಮಟ್ಟ ಮಾಡಿದ ನೆಲ. ಮೇಲೆ ಎಷ್ಟು ಲೋಡ್ ಮಣ್ಣು ಸುರಿದರೂ ಸುತ್ತಲ ನೀರು ಅಲ್ಲಿಗೇ ಇಳಿಯುತ್ತೆ. ತುಂಬಿದ ಮಣ್ಣು ಕುಸಿದಂತೆ ಗೋಡೆ ಬಿರುಕು ಬಿಡುತ್ತೆ.

ಪಹಣಿ ಸಿಗುವುದು ತಡವಾದರೆ ಅಲ್ಲೇ ಹಸು ಕಟ್ಟುತ್ತಿರುವ ಹಿರಿಯರನ್ನು ಕೇಳಿ. “ಯಜಮಾನ್ರೇ, ಇಲ್ಲಿ ಮುಂಚೆ ಏನು ಬೆಳೀತಿದ್ರಿ?” ಆಲೂಗೆಡ್ಡೆ ಅಂದರೆ ಒಳ್ಳೆಯ ಸುದ್ದಿ. ನೀರು ನಿಂತರೆ ಗೆಡ್ಡೆ ಕೊಳೆಯುತ್ತೆ, ಹಾಗಾಗಿ ನಮ್ಮ ರೈತರು ನೀರು ಬಸಿದು ಹೋಗುವ ಹೊಲಕ್ಕೇ ಅದನ್ನು ಹಾಕುತ್ತಾರೆ. ಭತ್ತ ಅಂದರೆ ಎರಡನೇ ಪ್ರಶ್ನೆ ಕೇಳಿ: ನೀರು ಯಾವ ಕೆರೆಯಿಂದ ಬರ್ತಿತ್ತು? ಆ ಕೆರೆಯ ಏರಿ ಎಲ್ಲಿದೆ, ಕೋಡಿ ಬಿದ್ದರೆ ನೀರು ಯಾವ ಕಡೆ ಹರಿಯುತ್ತೆ ಅಂತ ನಡೆದುಕೊಂಡೇ ಹೋಗಿ ನೋಡಿ. ಕೆರೆ ಬತ್ತಿದ್ದರೂ ಕೋಡಿ ಹಳ್ಳ ತನ್ನ ದಾರಿ ಬಿಡುವುದಿಲ್ಲ.

ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಮನೆ ಮುಂದೆ ನಿಂತರೆ ಸರ್ವೆ ನಂಬರ್ ತೋರಿಸುತ್ತೆ. ಆ ನಂಬರಿಗೆ ಗ್ರಾಮ ನಕ್ಷೆ ಹೊಂದಿಸಿ ನೋಡಿ. ಹಳ್ಳ, ಕಾಲುವೆ, ಬಂಡಿದಾರಿ ಇದ್ದರೆ ನಕ್ಷೆಯಲ್ಲಿ ಗೊತ್ತಾಗುತ್ತೆ. ಇಂಥ ಜಾಗವನ್ನು ದಾಖಲೆಯಲ್ಲಿ ಬಿ ಖರಾಬು ಅಂತಾರೆ, ಅದು ಸಾರ್ವಜನಿಕರಿಗೆ ಮೀಸಲು. ಕಾಂಪೌಂಡು ಅದರ ಮೇಲೆ ಬಂದಿದ್ದರೆ ಇವತ್ತಲ್ಲ ನಾಳೆ ತೆರವು ಮಾಡಲೇಬೇಕು. ಜೊತೆಗೆ ರಸ್ತೆ ಕೆಳಗೆ ಮೋರಿ ಇದೆಯಾ ಬಗ್ಗಿ ನೋಡಿ. ಸುಮ್ನೆ ಯಾರೂ ಮೋರಿ ಹಾಕುವುದಿಲ್ಲ. ಅದರ ಬಾಯಿ ನೀವು ನೋಡಿದ ಮನೆ ಕಡೆಗೇ ಇದ್ದು, ಮುಂದೆ ಚರಂಡಿ ಇಲ್ಲ ಅಂದರೆ ಆ ನೀರಿಗೆ ಬೇರೆ ದಾರಿಯೇ ಇಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಜೊಂಡು ಬೆಳೆದಿದ್ದರೆ ಅದೂ ಒಂದು ಗುರುತು.

ಗದ್ದೆ ಜಾಗ ಅಂದ ಮಾತ್ರಕ್ಕೆ ಬೇಡ ಅನ್ನಬೇಕಿಲ್ಲ. ಪಾಯ ಗಟ್ಟಿ ನೆಲದವರೆಗೆ ಇಳಿದಿದೆಯಾ, ಮನೆಯ ತಳ ರಸ್ತೆಗಿಂತ ಎಷ್ಟು ಮೇಲಿದೆ ಅಂತ ನಿಮ್ಮದೇ ಇಂಜಿನಿಯರನ್ನು ಕರೆದುಕೊಂಡು ಹೋಗಿ ತೋರಿಸಿ. ಮಾರುವವರ ಇಂಜಿನಿಯರ್ ಮಾತು ಇಲ್ಲಿ ಸಾಲದು.

ಹುಡಾದಲ್ಲಿ ಮಾಸ್ಟರ್ ಪ್ಲಾನ್ ನೋಡುವಾಗ ವಸತಿ ವಲಯ ಅಂತ ಇದ್ದರೆ ಅಷ್ಟಕ್ಕೇ ಎದ್ದು ಬರಬೇಡಿ. ಮುಂದೆ ಅಗಲವಾಗಲಿರುವ ರಸ್ತೆಗಳ ಗೆರೆಯನ್ನೂ ನೋಡಿ. ಮನೆ ರಾಷ್ಟ್ರೀಯ ಹೆದ್ದಾರಿ ಹತ್ತಿರ ಇದ್ದರೆ ರಸ್ತೆ ಮಧ್ಯದಿಂದ 40 ಮೀಟರ್ ಕಟ್ಟಡ ರೇಖೆಯ ಲೆಕ್ಕ ಇರುತ್ತೆ, ಅಂದರೆ ಅಷ್ಟರೊಳಗೆ ಕಟ್ಟಡ ಬರುವಂತಿಲ್ಲ. ಬೂವನಹಳ್ಳಿ ವಿಮಾನ ನಿಲ್ದಾಣದ ಕಡೆಯಾದರೆ ಕಟ್ಟಡದ ಎತ್ತರಕ್ಕೆ ಮಿತಿ ಇದೆಯಾ ಕೇಳಿ. ಮೇಲೆ ಇನ್ನೊಂದು ಮಹಡಿ ಹಾಕುವ ಆಸೆ ಇದ್ದವರಿಗೆ ಇದು ಬೇಕೇ ಬೇಕು.

ಹಾಸನಕ್ಕೆ ವಿಶೇಷವಾದ ಇನ್ನೊಂದು ವಿಷಯ ಇದೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಇಂಧನ ಪೈಪ್‌ಲೈನ್ ನಮ್ಮ ನೆಲದಡಿ ಇದೆ. ಪೈಪ್ ಹೋಗುವ ನೆಲದ ಪಟ್ಟಿಯಲ್ಲಿ ಜಮೀನು ಮಾಲೀಕರದೇ ಆಗಿರುತ್ತೆ, ಆದರೆ 1962ರ ಪೈಪ್‌ಲೈನ್ ಕಾಯ್ದೆ ಪ್ರಕಾರ ಅಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರವನ್ನೂ ನೆಡುವಂತಿಲ್ಲ. ದಾರಿಯುದ್ದಕ್ಕೂ ಗುರುತಿನ ಕಂಬ ಇರುತ್ತವೆ. ಹೈಟೆನ್ಷನ್ ತಂತಿಗೂ ಹೀಗೇ ಜಾಗ ಬಿಡಬೇಕು. 220 ಕೆವಿ ಲೈನಿಗೆ ಒಟ್ಟು 35 ಮೀಟರ್ ಅಗಲ. ಆಲೂರು, ಸಕಲೇಶಪುರದ ಕಡೆ ಹೋದಂತೆ ಆನೆ ಓಡಾಡುವ ದಾರಿಯನ್ನೂ ಊರವರ ಹತ್ತಿರ ವಿಚಾರಿಸಿ.

ಕೊನೆಗೆ ಮನೆಯನ್ನೇ ಅಳೆಯಿರಿ. ಪರವಾನಗಿಯ ನಕ್ಷೆಯಲ್ಲಿ ಬಿಟ್ಟ ಸುತ್ತಲಿನ ಜಾಗ ನಿಜಕ್ಕೂ ಬಿಟ್ಟಿದ್ದಾರಾ ಟೇಪ್ ಹಿಡಿದು ನೋಡಿ. ಇದೆಲ್ಲ ಆಗುವುದಕ್ಕೆ ಸಮಯ ಬೇಕು, ಮಾರುವವರು ಅವಸರ ಮಾಡುತ್ತಾರೆ. ಅಡ್ವಾನ್ಸ್ ಕೊಡಲೇಬೇಕು ಅಂತಾದರೆ, ಹುಡಾ ದಾಖಲೆಯಲ್ಲೋ ಸರ್ವೆಯಲ್ಲೋ ತೊಂದರೆ ಕಂಡರೆ ದುಡ್ಡು ಪೂರ್ತಿ ವಾಪಸ್ ಅನ್ನುವ ಷರತ್ತನ್ನು ಕರಾರಿನಲ್ಲೇ ಬರೆಸಿ.